ಮನೆಯ ಮೀಡಿಯಾ ಸರ್ವರಿಗೆ ದೊಡ್ಡ ಪ್ರೊಸೆಸರ್ ಏಕೆ ಬೇಡ

ಸಿನಿಮಾ, ಹಾಡು, ಮದುವೆಯ ವಿಡಿಯೋ, ಮಕ್ಕಳ ಫೋಟೋ ಎಲ್ಲವನ್ನೂ ಒಂದೆಡೆ ಇಟ್ಟುಕೊಂಡು, ಮನೆಯ ಟಿವಿಯೋ ಮೊಬೈಲೋ ಕೇಳಿದಾಗ ಕೊಡುವ ಕಂಪ್ಯೂಟರೇ ಮೀಡಿಯಾ ಸರ್ವರ್. ಪ್ಲೆಕ್ಸ್, ಎಂಬಿ, ಜೆಲ್ಲಿಫಿನ್ ಇದಕ್ಕೆ ಬಳಕೆಯಲ್ಲಿರುವ ತಂತ್ರಾಂಶಗಳು. 2018ರ ಡಿಸೆಂಬರಿನಲ್ಲಿ ಎಂಬಿಯಿಂದ ಕವಲೊಡೆದ ಜೆಲ್ಲಿಫಿನ್ ಪೂರ್ತಿ ಉಚಿತ. ಇಂಥ ಕಂಪ್ಯೂಟರನ್ನು ಆರಿಸುವ ವಿಷಯದಲ್ಲಿ ಬೇರೂರಿರುವ ಅಭಿಪ್ರಾಯ ಒಂದೇ: ಮೊದಲು ದೊಡ್ಡ ಪ್ರೊಸೆಸರ್, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಬಳಿಕ ನಾಲ್ಕು ಡಿಸ್ಕನ್ನು ಒಂದಾಗಿ ಕಟ್ಟುವ ರೇಡ್, ಕೈಯಲ್ಲಿ ಇನ್ನೂ ದುಡ್ಡು ಉಳಿದಿದ್ದರೆ ಯುಪಿಎಸ್. ಗೇಮಿಂಗ್ ಕಂಪ್ಯೂಟರ್ ಕಟ್ಟುವವರ ಲೆಕ್ಕಾಚಾರ ಇದು. ಕರೆಂಟು ಹೋಗದ, ಸೆಕೆ ಕಾಣದ ದೇಶಗಳ ವಿಡಿಯೋಗಳಿಂದ ಇಳಿದು ಬಂದು ಇಲ್ಲಿನ ಅಂಗಡಿಯ ಕೊಟೇಶನ್ ಚೀಟಿಯ ಮೇಲೂ ಕೂತಿದೆ. ಈ ಕ್ರಮ ಬುಡಮೇಲು. ಬೀದರ್ ಜಿಲ್ಲೆಯ ಬೀದರ್ ನಗರ, ಭಾಲ್ಕಿ, ಔರಾದ್‌ಗಳಲ್ಲಿ ಸರ್ವರನ್ನು ಕೆಡಿಸುವುದು ಕರೆಂಟು, ಬಿಸಿಲು, ದೂಳು, ಮತ್ತು ಎಲ್ಲವನ್ನೂ ಒಂದೇ ಪ್ರತಿಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ. ಪ್ರೊಸೆಸರ್ ಸಾಲದೆ ಸೋತ ಸರ್ವರ್ ಅಪರೂಪ.

ಮೊದಲು ಸರ್ವರಿನ ಕೆಲಸವನ್ನು ಅಳೆಯಬೇಕು. ಸೆಕೆಂಡಿಗೆ 8 ಮೆಗಾಬಿಟ್ ವೇಗದ ಫುಲ್ ಎಚ್‌ಡಿ ಸಿನಿಮಾ ನೋಡಲು ಚೆನ್ನಾಗಿಯೇ ಇರುತ್ತದೆ. 8 ಮೆಗಾಬಿಟ್ ಎಂದರೆ 1 ಮೆಗಾಬೈಟ್. ಸಾಧಾರಣ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟಿನಷ್ಟು ಓದಬಲ್ಲದು. ಮನೆಯಲ್ಲಿ ಮೂರು ಟಿವಿಗಳಿದ್ದು, ಮೂರರಲ್ಲೂ ಬೇರೆ ಬೇರೆ ಸಿನಿಮಾ ಓಡುತ್ತಿದ್ದರೂ ಡಿಸ್ಕಿನ ಶಕ್ತಿಯ ನೂರರಲ್ಲಿ ಎರಡು ಪಾಲು ಸಾಕು. ಡಿವಿಡಿಯ ವಿಡಿಯೋ ಸೆಕೆಂಡಿಗೆ 9.8 ಮೆಗಾಬಿಟ್ ದಾಟುವುದಿಲ್ಲ, ಫುಲ್ ಎಚ್‌ಡಿ ಬ್ಲೂ-ರೇ ವಿಡಿಯೋ 40ನ್ನು ದಾಟುವುದಿಲ್ಲ. ಟಿವಿಗೆ ಆ ಕಡತ ಅರ್ಥವಾಗುವಂತಿದ್ದರೆ ಸರ್ವರ್ ಅದನ್ನು ಇದ್ದಂತೆಯೇ ಕಳಿಸುತ್ತದೆ. ಬಿಚ್ಚಿ ಚಿತ್ರವಾಗಿ ತೋರಿಸುವ ಕೆಲಸ ಟಿವಿಯದು. ಇದಕ್ಕೆ ಡೈರೆಕ್ಟ್ ಪ್ಲೇ ಎನ್ನುತ್ತಾರೆ. ಆಗ ಪ್ರೊಸೆಸರ್ ಕಡತದ ಒಂದೊಂದು ತುಣುಕನ್ನು ಡಿಸ್ಕಿನಿಂದ ಎತ್ತಿ ನೆಟ್‌ವರ್ಕಿಗೆ ಹಾಕುತ್ತದೆ, ಅಷ್ಟೇ. ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪಿಗೂ ಇದು ಆಯಾಸದ ಕೆಲಸವಲ್ಲ.

ದೊಡ್ಡ ಪ್ರೊಸೆಸರಿನ ಪಕ್ಷದವರು ಇಲ್ಲಿ ಟ್ರಾನ್ಸ್‌ಕೋಡಿಂಗ್ ಎಂಬ ಮಾತನ್ನು ಮುಂದಿಡುತ್ತಾರೆ. ಟಿವಿಗೆ ಅರ್ಥವಾಗದ ಕಡತವನ್ನು ಸರ್ವರ್ ಓಡಿಸುತ್ತಲೇ ಬೇರೆ ರೂಪಕ್ಕೆ ಬದಲಿಸಿ ಕೊಡಬೇಕು, ಅದು ಭಾರದ ಕೆಲಸ, ಹಾಗಾಗಿ ಐ-7 ಬೇಕು ಎಂಬುದು ವಾದ. ಭಾರದ ಕೆಲಸ ಹೌದು. ಆದರೆ ಅದನ್ನು ಮಾಡುವ ಜಾಗ ಬೇರೆ. 2011ರಲ್ಲಿ ಇಂಟೆಲ್ ತನ್ನ ಎರಡನೇ ಪೀಳಿಗೆಯ ಚಿಪ್‌ಗಳಲ್ಲಿ ಕ್ವಿಕ್ ಸಿಂಕ್ ಎಂಬ ಪ್ರತ್ಯೇಕ ಭಾಗವನ್ನು ಇಟ್ಟಿತು. ವಿಡಿಯೋ ಬಿಚ್ಚುವುದು, ಮತ್ತೆ ಕಟ್ಟುವುದು ಅದರ ಪಾಲಿನ ಕೆಲಸ. ಎಚ್‌ಇವಿಸಿ ಮಾದರಿಯ 8-ಬಿಟ್ ವಿಡಿಯೋ ಅದಕ್ಕೆ ತಿಳಿದದ್ದು 2015ರ ಆರನೇ ಪೀಳಿಗೆಯಲ್ಲಿ, 10-ಬಿಟ್ ವಿಡಿಯೋ ಏಳನೆಯದರಲ್ಲಿ. ಎವಿ1 ಮಾದರಿಯ ವಿಡಿಯೋ ಬಿಚ್ಚುವುದು 2020ರ ಹನ್ನೊಂದನೆಯದರಲ್ಲಿ ಬಂತು. ಆದ್ದರಿಂದ ಕೇಳಬೇಕಾದ್ದು ಎಷ್ಟನೇ ಪೀಳಿಗೆಯ ಚಿಪ್ ಎಂದು. ಐ-3ಯೋ ಐ-7ಓ ಎಂಬುದು ಆಮೇಲಿನ ಮಾತು.

ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟರೆ ವಾದ ಅಲ್ಲೇ ಮುಗಿಯುತ್ತದೆ. 2011ರ ಐ-7 2600ಗೆ ನಾಲ್ಕು ಕೋರ್, ಎಂಟು ಥ್ರೆಡ್, 95 ವ್ಯಾಟಿನ ಮಿತಿ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇಂದಿಗೂ ಐ-7 ಎಂಬ ಹೆಸರಿಗೇ ಅದಕ್ಕೆ ಬೆಲೆ. ಎದುರಿಗೆ 2023ರ ಜನವರಿಯಲ್ಲಿ ಬಂದ ಇಂಟೆಲ್ ಎನ್100: ನಾಲ್ಕು ಕೋರ್, 6 ವ್ಯಾಟ್, ಅಂಗೈ ಅಗಲದ ಮಿನಿ ಪಿಸಿಗಳಲ್ಲಿ ಕೂರುವ ಚಿಪ್. 4ಕೆ 10-ಬಿಟ್ ಎಚ್‌ಇವಿಸಿ ಸಿನಿಮಾವನ್ನು ಫುಲ್ ಎಚ್‌ಡಿಗೆ ಇಳಿಸುವ ಕೆಲಸ ಕೊಟ್ಟರೆ ಹಳೆಯ ಐ-7 ಎಲ್ಲ ಕೋರ್‌ಗಳನ್ನೂ ದುಡಿಸಿ, ಫ್ಯಾನ್ ಮೊರೆಸಿ, ಕೊನೆಗೂ ತಡವರಿಸುತ್ತದೆ. ಎನ್100 ಅಂಥ ಒಂದಕ್ಕಿಂತ ಹೆಚ್ಚು ಸಿನಿಮಾಗಳನ್ನು ಒಟ್ಟಿಗೆ ಸಾಗಿಸುತ್ತದೆ. ಇನ್ನೂ ವಿಚಿತ್ರದ ಖರೀದಿಯೂ ಉಂಟು: ಹೊಸ ಇಂಟೆಲ್ ಚಿಪ್‌ಗಳಲ್ಲಿ ಸಂಖ್ಯೆಯ ಕೊನೆಗೆ ‘ಎಫ್’ ಇರುವವಕ್ಕೆ ಒಳಗಿನ ಗ್ರಾಫಿಕ್ಸೇ ಇರುವುದಿಲ್ಲ, ಅಂದರೆ ಕ್ವಿಕ್ ಸಿಂಕ್ ಕೂಡ ಇಲ್ಲ. ಸ್ವಲ್ಪ ಅಗ್ಗ ಎಂದು ಅದನ್ನು ಹಾಕಿಸಿಕೊಂಡು, ಆ ಕೊರತೆ ತುಂಬಲು ಮೇಲೊಂದು ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು ಅಂಗಡಿಗೆ ಲಾಭ, ಮನೆಗೆ ನಷ್ಟ.

ಟ್ರಾನ್ಸ್‌ಕೋಡಿಂಗಿನ ಬಹುಪಾಲು ಸಂದರ್ಭಗಳನ್ನು ಯಂತ್ರ ಬದಲಿಸದೆಯೇ ತಪ್ಪಿಸಬಹುದು ಎಂಬುದೂ ಚರ್ಚೆಯಲ್ಲಿ ಮರೆತುಹೋಗುತ್ತದೆ. ಗಡಿ ಜಿಲ್ಲೆಯ ಮನೆಗಳಲ್ಲಿ ಇದರ ಮುಖ್ಯ ಮೂಲ ಸಬ್‌ಟೈಟಲ್. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುವ ಬೀದರ್ ಸೀಮೆಯಲ್ಲಿ ಒಂದೇ ಮನೆಯವರು ಬೇರೆ ಬೇರೆ ಲಿಪಿಯಲ್ಲಿ ಓದುತ್ತಾರೆ. ಎಷ್ಟೋ ಟಿವಿಗಳ ಒಳಗಿನ ಪ್ಲೇಯರಿಗೆ ಕನ್ನಡ ಫಾಂಟ್ ಇಲ್ಲ, ಇದ್ದರೂ ಒತ್ತಕ್ಷರ ಒಡೆದು ಬೀಳುತ್ತದೆ. ಅಕ್ಷರದ ಬದಲು ಖಾಲಿ ಚೌಕಗಳು ಸಾಲುಗಟ್ಟುತ್ತವೆ. ಸರಿಪಡಿಸಲೆಂದು ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚೊತ್ತಲು ಸರ್ವರಿಗೆ ಹೇಳಿದರೆ, ಮೂರು ಸಾಲು ಅಕ್ಷರಕ್ಕಾಗಿ ಇಡೀ ಸಿನಿಮಾ ಮತ್ತೆ ಕಟ್ಟಬೇಕಾಗುತ್ತದೆ. ಡಿವಿಡಿಯ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಅದನ್ನು ತೋರಿಸಲು ಬಾರದ ಟಿವಿಯ ಮುಂದೆಯೂ ಇದೇ ಗತಿ. ಟಿವಿಗೆ ಆಂಡ್ರಾಯ್ಡ್ ಬಾಕ್ಸ್ ಜೋಡಿಸಿ, ಕೋಡಿಯಂಥ ಪ್ಲೇಯರಿಗೆ ಒಳ್ಳೆಯ ಕನ್ನಡ ಫಾಂಟ್ ಕೊಟ್ಟರೆ ಸರ್ವರಿನ ಹೊರೆ ಇಳಿಯುತ್ತದೆ. ಸಬ್‌ಟೈಟಲ್ ಕಡತ ಹಳೆಯ ನುಡಿ ಅಥವಾ ಬರಹ ತಂತ್ರಾಂಶದ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ ಯಾವ ಪ್ರೊಸೆಸರೂ ಅದನ್ನು ಓದಿಸಲಾರದು. ಒಮ್ಮೆ ಯುನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಬೇಕು. ಡಿಟಿಎಸ್ ಧ್ವನಿ ಬಾರದ ಟಿವಿಗಳೂ ಇವೆ. ಧ್ವನಿಯೊಂದನ್ನೇ ಬದಲಿಸುವುದು ಎಷ್ಟು ಹಗುರದ ಕೆಲಸವೆಂದರೆ ಅದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಎದುರು ಪಕ್ಷದ ಗಟ್ಟಿ ವಾದ ಇನ್ನೊಂದಿದೆ. ಮಕ್ಕಳು ಹೈದರಾಬಾದಿನಲ್ಲೋ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ, ಭಾಲ್ಕಿಯ ಮನೆಯ ಸರ್ವರಿನಿಂದ ಅವರು ಅಲ್ಲಿ ನೋಡಬೇಕು. ಮನೆಯ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ ಕಡಿಮೆಯಿದ್ದರೆ 8 ಮೆಗಾಬಿಟ್ಟಿನ ಸಿನಿಮಾವನ್ನು 3ಕ್ಕೆ ಇಳಿಸಿಯೇ ಕಳಿಸಬೇಕು. ಇದು ನಿಜವಾದ ಅಗತ್ಯ, ಫಾಂಟ್ ಬದಲಿಸಿ ತಪ್ಪಿಸುವಂಥದ್ದಲ್ಲ. ಆದರೆ ಇಲ್ಲಿ ದಾರಿ ಕಟ್ಟುವುದು ಅಪ್‌ಲೋಡ್ ವೇಗ. ಇಬ್ಬರು ಮೂವರು ನೋಡುವಷ್ಟರಲ್ಲಿ ತಂತಿ ತುಂಬಿಹೋಗುತ್ತದೆ, ಆ ಹೊತ್ತಿಗೆ ಎನ್100ಗೆ ಇನ್ನೂ ಬಿಡುವಿರುತ್ತದೆ. ಜೊತೆಗೆ, ಹಲವು ಗ್ರಾಹಕರಿಗೆ ಒಂದೇ ಹೊರ ವಿಳಾಸವನ್ನು ಹಂಚುವ ಇಂಟರ್ನೆಟ್ ಸಂಪರ್ಕವಾದರೆ ಹೊರಗಿನಿಂದ ಮನೆಯ ಸರ್ವರನ್ನು ನೇರವಾಗಿ ತಲುಪಲು ಆಗುವುದೇ ಇಲ್ಲ. ಟೇಲ್‌ಸ್ಕೇಲ್‌ನಂಥ ಸುರಂಗ ವ್ಯವಸ್ಥೆ ಬೇಕು. ಅದೂ ತಂತ್ರಾಂಶದ ಮಾತು.

ಇನ್ನು ಕರೆಂಟಿನ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಹೊತ್ತ ಟವರ್ ಸುಮ್ಮನೆ ಆನ್ ಆಗಿ ಕೂತರೂ 60ರಿಂದ 100 ವ್ಯಾಟ್ ತಿನ್ನುತ್ತದೆ. 80 ಎಂದು ಹಿಡಿದರೆ ಹಗಲೂ ರಾತ್ರಿ 30 ದಿನಕ್ಕೆ 57.6 ಯೂನಿಟ್. ಎನ್100 ಮಿನಿ ಪಿಸಿ ಮತ್ತು ಒಂದು ಡಿಸ್ಕ್ ಸೇರಿ ಸುಮಾರು 12 ವ್ಯಾಟ್, ಅಂದರೆ 8.64 ಯೂನಿಟ್. ಬೇರೆ ರಾಜ್ಯದಲ್ಲಾದರೆ ಇದು ಕೆಲವು ನೂರು ರೂಪಾಯಿಗಳ ವ್ಯತ್ಯಾಸವಾಗಿ ಮುಗಿಯುತ್ತಿತ್ತು. ಕರ್ನಾಟಕದಲ್ಲಿ ಹಾಗಲ್ಲ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ, ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ತಿಂಗಳಿಗೆ 60 ಯೂನಿಟ್ ಸರಾಸರಿಯ ಮನೆಗೆ 66 ಉಚಿತ. ಟವರ್ ಬಂದರೆ ಬಳಕೆ 117.6ಕ್ಕೆ ಏರಿ 51.6 ಯೂನಿಟ್‌ಗೆ ಬಿಲ್ ಬರುತ್ತದೆ. ಮಿನಿ ಪಿಸಿಯಾದರೆ ಎರಡೂವರೆ ಚಿಲ್ಲರೆ ಯೂನಿಟ್‌ಗೆ. 150 ಯೂನಿಟ್ ಸರಾಸರಿಯ ಮನೆಯಲ್ಲಿ ಪೆಟ್ಟು ಇನ್ನೂ ಜೋರು. ಅಲ್ಲಿ 165 ಉಚಿತ. ಮಿನಿ ಪಿಸಿಯೊಂದಿಗೆ 158.64, ಬಿಲ್ ಸೊನ್ನೆಯಾಗಿಯೇ ಉಳಿಯುತ್ತದೆ. ಟವರಿನೊಂದಿಗೆ 207.6, ಆ ತಿಂಗಳ ಅಷ್ಟೂ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಪ್ರೊಸೆಸರಿನ ಬೆಲೆಯನ್ನು ರೂಪಾಯಿ ರೂಪಾಯಿ ಚೌಕಾಸಿ ಮಾಡುವವರು ಈ ಕೂಡಿಸುವ ಲೆಕ್ಕ ಮಾಡುವುದಿಲ್ಲ.

ಇನ್ವರ್ಟರಿನ ಲೆಕ್ಕ ಅದಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ಸರ್ವರಿನ ಎದುರು ನಿಲ್ಲುವುದು ಫ್ಯಾನ್. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಅವರ್ ಇದ್ದರೂ, ಬ್ಯಾಟರಿ ಬಾಳಬೇಕಾದರೆ ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ, 900. ಎರಡು ಹಳೆಯ ಫ್ಯಾನ್, ಒಂದೆರಡು ದೀಪ, ರೌಟರ್ ಸೇರಿ 180 ವ್ಯಾಟ್ ಆದರೆ ಐದು ಗಂಟೆ ನಡೆಯುತ್ತದೆ. 80 ವ್ಯಾಟಿನ ಟವರ್ ಸೇರಿದರೆ ಮೂರೂವರೆ ಗಂಟೆಗೆ ಇನ್ವರ್ಟರ್ ಕೂಗಲು ಶುರು. 12 ವ್ಯಾಟ್ ಸೇರಿದರೆ ಹೋಗುವುದು ಇಪ್ಪತ್ತು ನಿಮಿಷ. ಮೇ ತಿಂಗಳ ರಾತ್ರಿ, ಗಾಳಿಮಳೆಗೆ ಕಂಬ ಉರುಳಿ ಲೈಟ್ ಹೋದಾಗ, ಔರಾದಿನ ಆರ್‌ಸಿಸಿ ಮನೆಯೊಳಗೆ ಒಂದೂವರೆ ಗಂಟೆಯ ಫ್ಯಾನಿಗೆ ಏನು ಬೆಲೆ ಎಂದು ಬೆಂಚ್‌ಮಾರ್ಕ್ ಪಟ್ಟಿಗಳಲ್ಲಿ ಬರೆದಿರುವುದಿಲ್ಲ.

ಕರೆಂಟು ಹೋಗುವ ಆ ಕ್ಷಣವೂ ಮುಖ್ಯ. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ಉಸಿರು ಹಿಡಿಯಬಲ್ಲದು. ಮನೆಯ ಇನ್ವರ್ಟರ್ ಸಾಮಾನ್ಯ ಮೋಡಿನಲ್ಲಿ ಬದಲಾಗಲು ಅದರ ಎರಡರಷ್ಟೋ ಹೆಚ್ಚೋ ಹೊತ್ತು ತೆಗೆದುಕೊಳ್ಳುತ್ತದೆ, ಫ್ಯಾನಿಗೆ ಅದು ತಿಳಿಯುವುದೂ ಇಲ್ಲ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ತಂದ ದಿನದಿಂದ ಯಾರೂ ಅದನ್ನು ಮುಟ್ಟಿರುವುದಿಲ್ಲ. ಅದನ್ನು ಒತ್ತಿದರೆ ಬದಲಾವಣೆ 10 ಮಿಲಿಸೆಕೆಂಡಿನ ಆಸುಪಾಸಿಗೆ ಬರುತ್ತದೆ, ಕಂಪ್ಯೂಟರ್ ಆರುವುದಿಲ್ಲ. 12 ವೋಲ್ಟ್ ಅಡಾಪ್ಟರಿನಲ್ಲಿ ನಡೆಯುವ ಮಿನಿ ಪಿಸಿಗೆ ಇನ್ನೂ ಸರಳ ದಾರಿ: ರೌಟರಿಗೆ ಹಾಕುವಂಥದೇ ಚಿಕ್ಕ ಡಿಸಿ ಯುಪಿಎಸ್. ಆದರೆ ಅದರ ವೋಲ್ಟ್ ಸರಿಹೊಂದಬೇಕು, ಆಂಪಿಯರ್ ಮಿನಿ ಪಿಸಿಯ ಅಡಾಪ್ಟರಿನ ಮೇಲೆ ಬರೆದಿರುವುದಕ್ಕಿಂತ ಕಡಿಮೆ ಇರಬಾರದು. ಕಚೇರಿ ಮಾದರಿಯ ಮಿನಿ ಪಿಸಿಗಳು 19-20 ವೋಲ್ಟಿನವು. ಅವಕ್ಕೆ ಇದು ನಡೆಯದು, ಸಣ್ಣ ಸಾಮಾನ್ಯ ಯುಪಿಎಸ್ ಬೇಕು. ಡಿಸ್ಕನ್ನು ಎಕ್ಸ್‌ಫ್ಯಾಟ್ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿ ಸರ್ವರಿಗೆ ಹಚ್ಚುವುದು ಕರೆಂಟು ಹೋಗುವ ಊರಿನಲ್ಲಿ ಅಪಾಯಕ್ಕೆ ಆಹ್ವಾನ. ಅದಕ್ಕೆ ಜರ್ನಲ್ ಇಲ್ಲ, ಬರೆಯುವ ನಡುವೆ ಕರೆಂಟು ಹೋದರೆ ಸರಿಪಡಿಸಿಕೊಳ್ಳುವ ದಾಖಲೆಯೇ ಇರುವುದಿಲ್ಲ. ಲಿನಕ್ಸಿನ ಎಕ್ಸ್ಟ್4 ಅಥವಾ ವಿಂಡೋಸಿನ ಎನ್‌ಟಿಎಫ್‌ಎಸ್ ಇದಕ್ಕಿಂತ ಲೇಸು.

ಅರ್ಥಿಂಗ್ ವಿಷಯ ಕಂಪ್ಯೂಟರ್ ಪುಸ್ತಕಗಳಲ್ಲಿ ಬರುವುದೇ ಇಲ್ಲ. ಬೀದರ್ ನಗರ ಕೂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಮಿನಿ ಪಿಸಿಯ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಮುಂಗಾರಿಗೆ ಮೊದಲ ಸಿಡಿಲು ಬರುವುದೂ ಅದೇ ಹೊತ್ತಿಗೆ. ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುವುದು ಯಾವ ಸರ್ಜ್ ಪ್ರೊಟೆಕ್ಟರಿಗಿಂತಲೂ ಮೊದಲು ಆಗಬೇಕಾದ ಕೆಲಸ. ಅರ್ಥ್ ಇಲ್ಲದ ಪ್ರೊಟೆಕ್ಟರಿಗೆ ಹೆಚ್ಚಿನ ವೋಲ್ಟೇಜನ್ನು ಇಳಿಸಲು ಜಾಗವೇ ಇರುವುದಿಲ್ಲ.

ಬಿಸಿಲು ಕೂಡ ಡಿಸ್ಕಿನ ಸಮಸ್ಯೆಯೇ ಹೊರತು ಪ್ರೊಸೆಸರಿನದಲ್ಲ. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ ತಾನೇ ನಿಧಾನಿಸಿ ಬದುಕಿಕೊಳ್ಳುತ್ತದೆ. ಮನೆಬಳಕೆಯ ಹಾರ್ಡ್ ಡಿಸ್ಕಿಗೆ ತಯಾರಕರು ಕೊಡುವ ಗರಿಷ್ಠ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಮೇ ತಿಂಗಳಲ್ಲಿ ಕೋಣೆಯೇ 40 ದಾಟಿದಾಗ, ತಿರುಗುವ ಡಿಸ್ಕ್ ಅದಕ್ಕಿಂತ 10-15 ಡಿಗ್ರಿ ಮೇಲಿರುತ್ತದೆ. ಪಕ್ಕದಲ್ಲಿ ಬಿಸಿ ಉಗುಳುವ ಗ್ರಾಫಿಕ್ಸ್ ಕಾರ್ಡನ್ನೂ ಇಟ್ಟರೆ ಮಿತಿಗೆ ಉಳಿಯುವ ಅಂತರ ಏನೂ ಇಲ್ಲ. ಉಷ್ಣತೆಗೂ ಡಿಸ್ಕ್ ಸಾಯುವುದಕ್ಕೂ ಸಂಬಂಧ ಅಷ್ಟಕ್ಕಷ್ಟೆ ಎನ್ನುವವರು ಗೂಗಲ್ 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಮೇಲೆ ಪ್ರಕಟಿಸಿದ ಅಧ್ಯಯನವನ್ನು ತೋರಿಸುತ್ತಾರೆ. ಅದೇ ಅಧ್ಯಯನ ತೀರ ಹೆಚ್ಚಿನ ಉಷ್ಣತೆಯನ್ನೂ ವಯಸ್ಸಾದ ಡಿಸ್ಕ್‌ಗಳನ್ನೂ ಅಪವಾದವಾಗಿ ಹೇಳಿದೆ. ತಂಪು ಮಾಡಿದ ಡೇಟಾ ಸೆಂಟರಿನ ಅಪವಾದ ತಗಡಿನ ಮಾಡಿನ ಕೆಳಗೆ ನಿತ್ಯದ ಸ್ಥಿತಿ. ದೂಳಿನದೂ ಇದೇ ಕತೆ. ಸೋಯಾ, ತೊಗರಿ ರಾಶಿಯ ದಿನಗಳಲ್ಲಿ ಭಾಲ್ಕಿ, ಔರಾದ್ ಕಡೆ ಏಳುವ ಹೊಟ್ಟು-ದೂಳು ಟವರಿನ ಫ್ಯಾನುಗಳಿಗೆ ಮೆತ್ತಿಕೊಳ್ಳುತ್ತದೆ. ಫ್ಯಾನೇ ಇಲ್ಲದ ಪುಟ್ಟ ಯಂತ್ರವನ್ನು ಕೆಳಮಹಡಿಯಲ್ಲಿ, ಬಿಸಿಲು ಬೀಳದ ಗೋಡೆಗೆ, ಸುತ್ತ ಗಾಳಿಯಾಡುವಂತೆ ಇಟ್ಟರೆ ಸಾಕು. ಟಿವಿ ಶೋಕೇಸಿನ ಗಾಜಿನ ಬಾಗಿಲ ಹಿಂದೆ ಇಡಬಾರದು.

ರೇಡ್ ಬಗ್ಗೆ ಇರುವ ಭಕ್ತಿ ಈ ಎಲ್ಲಕ್ಕಿಂತ ದುಬಾರಿ. 1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕ್ಯಾಟ್ಜ್ ಮಂಡಿಸಿದ ಈ ವ್ಯವಸ್ಥೆ, ಅದರ ಇಂದಿನ ಬಳಕೆಯಲ್ಲಿ, ಒಂದು ಡಿಸ್ಕ್ ಸತ್ತರೂ ಸೇವೆ ನಿಲ್ಲಬಾರದು ಎಂಬ ಉದ್ದೇಶದ್ದು. ಬ್ಯಾಂಕಿಗೆ ಅದು ಬೇಕು. ಮನೆಯಲ್ಲಿ ಒಂದು ಸಂಜೆ ಸಿನಿಮಾ ನಿಂತರೆ ಯಾರ ವ್ಯವಹಾರವೂ ಕೆಡುವುದಿಲ್ಲ. ಕೈತಪ್ಪಿ ಅಳಿಸಿದ ಕಡತವನ್ನು ರೇಡ್ ಅದೇ ಗಳಿಗೆಯಲ್ಲಿ ಎಲ್ಲ ಡಿಸ್ಕ್‌ಗಳಿಂದಲೂ ಅಳಿಸುತ್ತದೆ. ಸಿಡಿಲು ಬಡಿದರೆ ಒಂದೇ ಪೆಟ್ಟಿಗೆಯೊಳಗಿನ ನಾಲ್ಕೂ ಹೋಗಬಹುದು. ರೇಡ್-5ಕ್ಕೆ ಇನ್ನೊಂದು ದೋಷವಿದೆ: ಬರೆಯುವ ನಡುವೆ ಕರೆಂಟು ಹೋದರೆ ಮಾಹಿತಿ ಒಂದು ಕಡೆ, ಅದರ ತಾಳೆ ಲೆಕ್ಕ ಇನ್ನೊಂದು ಕಡೆ ಉಳಿದು, ಮುಂದೆ ಡಿಸ್ಕ್ ಸತ್ತಾಗ ತಪ್ಪು ಮಾಹಿತಿ ಕಟ್ಟಿಕೊಡುತ್ತದೆ. ಬಲ್ಲವರು ಇದನ್ನು ರೈಟ್ ಹೋಲ್ ಎನ್ನುತ್ತಾರೆ. ಕರೆಂಟು ಸ್ಥಿರವಿಲ್ಲದ ಕಡೆ, ಯುಪಿಎಸ್ ಇಲ್ಲದೆ, ಕೆಳದರ್ಜೆಯ ಪೆಟ್ಟಿಗೆಯಲ್ಲಿ ರೇಡ್-5 ಕಟ್ಟುವುದು ಕಾಪಾಡಬೇಕಾದ್ದನ್ನೇ ಪಣಕ್ಕಿಟ್ಟಂತೆ.

ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. 2003ರ ಮದುವೆಯ ಮಿನಿ-ಡಿವಿ ಟೇಪಿನಿಂದ ಇಳಿಸಿಕೊಂಡ ವಿಡಿಯೋ, ತೀರಿಹೋದ ಅಜ್ಜಿಯ ಬೀಸುಕಲ್ಲಿನ ಹಾಡು, ಊರ ಜಾತ್ರೆಯ ಭಜನೆ ಹೋದರೆ ಹೋದವು. ಇಂಥವು ಗಾತ್ರದಲ್ಲಿ ಚಿಕ್ಕವು: ಮಿನಿ-ಡಿವಿ ಟೇಪು ಗಂಟೆಗೆ ಸುಮಾರು 13 ಗಿಗಾಬೈಟ್, ಹತ್ತು ಗಂಟೆಯದು ಸೇರಿದರೂ 130. ಹಾಗಾಗಿ ಡಿಸ್ಕಿನ ಹಣವನ್ನು ಎರಡಾಗಿ ಒಡೆಯಬೇಕು. ಸರ್ವರಿನಲ್ಲಿ 4 ಟೆರಾಬೈಟಿನ ಒಂದು ಡಿಸ್ಕ್; ಎರಡೂವರೆ ಗಂಟೆಯ, 8 ಮೆಗಾಬಿಟ್ ವೇಗದ ಸಿನಿಮಾ 9 ಗಿಗಾಬೈಟ್ ಆಗುವುದರಿಂದ ಅದರಲ್ಲಿ 440 ಸಿನಿಮಾ ಹಿಡಿಸುತ್ತವೆ, ಒಂದು ಮನೆ ವರ್ಷವಿಡೀ ನೋಡಿದರೂ ಮುಗಿಯದಷ್ಟು. ಇನ್ನೊಂದು ಡಿಸ್ಕ್ ಪೋರ್ಟಬಲ್ ಮಾದರಿಯದು, ಪ್ರತಿ ಮಾಡಿದ ಮೇಲೆ ವೈರ್ ಕಿತ್ತು ಬೇರೆಡೆ ಇಡುವುದಕ್ಕೆ. ಭಾಲ್ಕಿಯ ಮನೆಯದು ಬೀದರಿನ ನೆಂಟರ ಬೀರುವಿನಲ್ಲಿರಲಿ, ಬೀದರಿನದು ಔರಾದಿನಲ್ಲಿ. ನಲವತ್ತು ಕಿಲೋಮೀಟರಿನ ಅಂತರ ಯಾವ ರೇಡೂ ಕೊಡದ ರಕ್ಷಣೆ ಕೊಡುತ್ತದೆ.

ನೆಟ್‌ವರ್ಕಿಗೆ ಹೆಚ್ಚು ಮಾತು ಬೇಡ. ಹಳೆಯ ಬೀದರಿನ ಕೆಂಪು ಕಲ್ಲಿನ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈ-ಫೈ ದಾಟುವುದು ಕಷ್ಟ. ತಡೆತಡೆದು ಓಡುವ ಸಿನಿಮಾಕ್ಕೆ ಸರ್ವರನ್ನು ಬೈಯುವ ಮೊದಲು ಒಂದು ಕ್ಯಾಟ್-5ಇ ಕೇಬಲ್ ಎಳೆಸಿ ನೋಡುವುದು ಒಳಿತು. ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್ಟಿನದೇ ಆಗಿರುವಾಗ 10 ಗಿಗಾಬಿಟ್ಟಿನ ಕಾರ್ಡ್ ಹಾಕಿಸುವುದು ಶೋಕಿ.

ಕೊಳ್ಳುವಾಗ ಎರಡು ದಾರಿಗಳಿವೆ. ಒಂದು, 8 ಅಥವಾ 16 ಗಿಗಾಬೈಟ್ ರ್‍ಯಾಮಿನ ಎನ್100 ಮಿನಿ ಪಿಸಿ. ಎರಡನೆಯದು ಕಚೇರಿಗಳಿಂದ ಹೊರಬಿದ್ದ ಪುಟ್ಟ ಯಂತ್ರಗಳು: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಏಳನೇ ಪೀಳಿಗೆಯ ಬಹುತೇಕ ಯಂತ್ರಗಳಿಗೆ ವಿಂಡೋಸ್ 11ರ ಮನ್ನಣೆಯಿಲ್ಲದ್ದರಿಂದ ಕಚೇರಿಗಳಿಗೆ ಅವು ಬೇಡವಾಗಿವೆ; ಲಿನಕ್ಸ್ ಹಾಕಿ ಜೆಲ್ಲಿಫಿನ್ ಓಡಿಸಲು ಅವು ಧಾರಾಳ ಸಾಕು. ಎವಿ1 ಒಂದು ಬಿಟ್ಟರೆ 10-ಬಿಟ್ ಎಚ್‌ಇವಿಸಿವರೆಗೆ ಎಲ್ಲ ಬರುತ್ತದೆ. ಇಂಥವು ಬೀದರಿನಲ್ಲಿ ಸಿಗದಿದ್ದರೆ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದ್‌ಗೆ ಹೋಗಬಹುದು. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಅಂಗಡಿಗಳಿಗೇ ಹೆಸರಾದ ಜಾಗ. ಡಿಸ್ಕನ್ನು ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳಬಾರದು. ರಾಸ್ಪ್‌ಬೆರಿ ಪೈ 5ನ್ನು ಕೆಲವರು ಸೂಚಿಸುತ್ತಾರೆ. 2023ರ ಈ ಬೋರ್ಡಿನಲ್ಲಿ ವಿಡಿಯೋ ಕಟ್ಟುವ ಹಾರ್ಡ್‌ವೇರನ್ನೇ ತೆಗೆದುಹಾಕಿರುವುದರಿಂದ ಡೈರೆಕ್ಟ್ ಪ್ಲೇಗೆ ಸರಿ, ಟ್ರಾನ್ಸ್‌ಕೋಡಿಂಗಿಗೆ ಅಲ್ಲ.

ಹಳೆಯ ಟವರ್ ಆಗಲೇ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಚಿಪ್ಪಿನೊಳಗೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ಕಿತ್ತು, ಸಂಜೆ ನಾಲ್ಕು ಗಂಟೆ ಮಾತ್ರ ಆನ್ ಮಾಡಿದರೆ, 80 ವ್ಯಾಟ್ ಎಂದೇ ಹಿಡಿದರೂ ತಿಂಗಳಿಗೆ 9.6 ಯೂನಿಟ್. ಸರ್ವರ್ ಎಂದ ಮೇಲೆ ಹಗಲೂ ರಾತ್ರಿ ಓಡಲೇಬೇಕು ಎಂಬುದೂ ಎರವಲು ಬಂದ ನಂಬಿಕೆಯೇ. ಹೊರಗಿನಿಂದ ನೋಡುವವರಿಲ್ಲದ ಮನೆಯಲ್ಲಿ ನಡುರಾತ್ರಿ ಅದಕ್ಕೇನೂ ಕೆಲಸವಿಲ್ಲ. ದೊಡ್ಡ ಪ್ರೊಸೆಸರ್ ನಿಜಕ್ಕೂ ಬೇಕಾಗುವ ಮನೆಯೂ ಇರಬಹುದು: ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋದವರದು. ಅವರಿಗೆ ಆ ಯಂತ್ರ ಹಗಲಿನ ಕಸುಬಿಗೆ ಬೇಕು. ರಾತ್ರಿ ಸಿನಿಮಾ ಹಂಚಲು ಅವರೂ ಪಕ್ಕದಲ್ಲೊಂದು ಮಿನಿ ಪಿಸಿ ಇಟ್ಟುಕೊಂಡರೆ ಕರೆಂಟಿನ ಬಿಲ್ ಇಳಿಯುತ್ತದೆ.